ಸಿಗ್ನಲ್ ಮೊದಲು, ಪ್ಯಾಕ್ ಆಮೇಲೆ, ಫೋನ್ ಕೊನೆಗೆ

ಮೆಕ್ಕೆಜೋಳ ಮಾರಿದ ದುಡ್ಡು ಕೈಗೆ ಬರುವ ದಿನಗಳಲ್ಲಿ ದಾವಣಗೆರೆಯ ಮೊಬೈಲ್ ಅಂಗಡಿಗಳಲ್ಲಿ ಜನ ತುಂಬಿರುತ್ತಾರೆ. ಎಪಿಎಂಸಿಯಲ್ಲಿ ತೂಕ ಮುಗಿಸಿ ಬಂದ ರೈತರಾಗಲಿ, ಕಾಲೇಜು ಸೇರಿದ ಮಗಳಿಗೆ ಫೋನ್ ಕೊಡಿಸಲು ಜಗಳೂರಿನಿಂದ ಬಸ್ಸು ಹತ್ತಿ ಬಂದ ತಂದೆಯಾಗಲಿ, ಅಂಗಡಿಯವರನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಒಂದೇ: 'ಹದಿನೈದು ಸಾವಿರದೊಳಗೆ ಯಾವುದು ಚೆನ್ನಾಗಿದೆ?' ಫೋನ್ ಆರಿಸಿಯಾದ ಮೇಲೆ ಸಿಮ್ಮಿನ ಮಾತು ಬರುತ್ತದೆ, ಸಿಮ್ ಹಾಕಿದ ಮೇಲೆ ಪ್ಯಾಕಿನ ಮಾತು ಬರುತ್ತದೆ, ಊರಿಗೆ ಹೋದ ಮೇಲಷ್ಟೇ ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ ಎನ್ನುವುದು ತಿಳಿಯುತ್ತದೆ. ಈ ಕ್ರಮವನ್ನು ಪೂರ್ತಿ ತಿರುವಿ ಹಾಕಿಕೊಂಡರೆ ದುಡ್ಡೂ ಉಳಿಯುತ್ತದೆ, ಕಿರಿಕಿರಿಯೂ ತಪ್ಪುತ್ತದೆ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಆದ್ದರಿಂದ ಈ ಲೇಖನವೂ ಅದೇ ತಿರುವಿದ ಕ್ರಮದಲ್ಲಿ ಸಾಗುತ್ತದೆ.

ಮೊದಲ ಹಂತ: ನಿಮ್ಮ ಜಾಗದಲ್ಲಿ ಯಾರ ಸಿಗ್ನಲ್ ಇದೆ?

ನೀವು ದಿನದ ಬಹುಪಾಲು ಕಳೆಯುವ ಮೂರು ಜಾಗಗಳನ್ನು ಗುರುತು ಮಾಡಿಕೊಳ್ಳಿ: ಮನೆಯೊಳಗಿನ ಕೋಣೆ, ದುಡಿಯುವ ಜಾಗ, ಇವೆರಡರ ನಡುವಿನ ದಾರಿ. ಬೇರೆ ಬೇರೆ ಕಂಪನಿಯ ಸಿಮ್ ಇರುವ ನೆರೆಹೊರೆಯವರನ್ನೋ ನೆಂಟರನ್ನೋ ಕರೆದು ಈ ಮೂರೂ ಕಡೆ ಕರೆ ಮಾಡಿ ನೋಡಿ. ಪರದೆಯ ಮೇಲಿನ ಕಡ್ಡಿಗಳನ್ನಷ್ಟೇ ನಂಬಬಾರದು, ಏಕೆಂದರೆ ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ತೋರಿಸಬೇಕೆಂಬುದನ್ನು ಒಂದೊಂದು ಫೋನ್ ಒಂದೊಂದು ರೀತಿ ತೀರ್ಮಾನಿಸುತ್ತದೆ. ಆಂಡ್ರಾಯ್ಡ್ ಫೋನ್‌ಗಳ ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರ ಇರುವ ಕಡೆ 'ಸಿಮ್ ಸ್ಟೇಟಸ್' ತೆರೆದರೆ ಸಿಗ್ನಲ್‌ನ ಬಲ ಋಣಸಂಖ್ಯೆಯಲ್ಲಿ ಕಾಣುತ್ತದೆ. 4ಜಿಯಲ್ಲಿ ಅದು ಮೈನಸ್ 90ರ ಆಸುಪಾಸಿನಲ್ಲಿದ್ದರೆ ಚೆನ್ನಾಗಿದೆ ಎಂದರ್ಥ; ಮೈನಸ್ 110ಕ್ಕಿಂತ ಕೆಳಗಿಳಿದರೆ ಮಾತು ತುಂಡಾಗತೊಡಗುತ್ತದೆ, ಬ್ಯಾಟರಿಯೂ ಬೇಗ ಖಾಲಿಯಾಗುತ್ತದೆ. ಟವರ್ ದೂರವಿದ್ದಷ್ಟೂ ಫೋನ್ ಹೆಚ್ಚು ಶಕ್ತಿ ಹಾಕಿ ಅದನ್ನು ಮುಟ್ಟಬೇಕಾಗುತ್ತದೆ. 'ಹೊಸ ಫೋನು, ಸಂಜೆಗೇ ಚಾರ್ಜ್ ಮುಗಿಯುತ್ತದೆ' ಎಂದು ದೂರುವವರಲ್ಲಿ ಹಲವರ ತೊಂದರೆಗೆ ಕಾರಣ ಫೋನ್ ಅಲ್ಲ, ಊರಿನ ಸಿಗ್ನಲ್.

ಒಂದೇ ಊರಿನಲ್ಲಿ ಒಂದು ಕಂಪನಿಯ ಸಿಮ್ ಒಳಕೋಣೆಯಲ್ಲೂ ಕೆಲಸ ಮಾಡಿ, ಇನ್ನೊಂದು ಅಂಗಳಕ್ಕೆ ಬಂದರೆ ಮಾತ್ರ ಸಿಗುವುದಕ್ಕೆ ಟವರಿನ ದೂರದ ಜೊತೆಗೆ ತರಂಗಾಂತರವೂ ಕಾರಣವಾಗಿರುತ್ತದೆ. 700, 850 ಮೆಗಾಹರ್ಟ್ಸ್‌ನಂಥ ಕಡಿಮೆ ಆವರ್ತನದ ತರಂಗಗಳು ದೂರಕ್ಕೆ ಹೋಗುತ್ತವೆ, ಗೋಡೆಗಳನ್ನೂ ಹೆಚ್ಚು ಸುಲಭವಾಗಿ ದಾಟುತ್ತವೆ. 5ಜಿಗೆ ಹೆಚ್ಚಾಗಿ ಬಳಕೆಯಾಗುವ 3,500 ಮೆಗಾಹರ್ಟ್ಸ್‌ನ ತರಂಗಗಳು ಬಹಳ ವೇಗ ಕೊಡುತ್ತವೆಯಾದರೂ ಕಲ್ಲುಗೋಡೆ, ಬಂಡೆ, ದಟ್ಟ ತೋಟಗಳ ಮುಂದೆ ಸೋಲುತ್ತವೆ. ಚಿತ್ರದುರ್ಗದ ಕೋಟೆಬೆಟ್ಟದ ಮರೆಯಲ್ಲಿರುವ ಮನೆಗೂ ಚನ್ನಗಿರಿಯ ಅಡಿಕೆ ತೋಟದ ನಡುವಿನ ಮನೆಗೂ ಇದು ನೇರವಾಗಿ ಅನ್ವಯಿಸುವ ಮಾತು. ದೇಶದಲ್ಲಿ 5ಜಿ ಸೇವೆಗೆ 2022ರ ಅಕ್ಟೋಬರ್ 1ರಂದು ಚಾಲನೆ ಸಿಕ್ಕಿತು. ಆದರೆ ನಿಮ್ಮ ಜಮೀನಿನಲ್ಲಿ ಅದು ಸಿಗುತ್ತದೆಯೇ ಎಂಬುದಕ್ಕೆ ನೀವೇ ನಿಂತು ನೋಡಿದ ಫಲಿತಾಂಶವೇ ಉತ್ತರ. ಕಂಪನಿಗಳ ಜಾಲತಾಣದಲ್ಲಿರುವ ವ್ಯಾಪ್ತಿಯ ನಕ್ಷೆಗಳನ್ನು ನೋಡಬಹುದು, ಆದರೆ ಅವು ಬಯಲಿನ ಚಿತ್ರವನ್ನು ಕೊಡುತ್ತವೆಯೇ ಹೊರತು ನಿಮ್ಮ ಅಡುಗೆಮನೆಯ ಚಿತ್ರವನ್ನಲ್ಲ.

ಕೊಳವೆಬಾವಿಯ ಮೋಟರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದವರು ಇನ್ನೊಂದು ಸಂಗತಿ ಗಮನಿಸಬೇಕು. ಹಳೆಯ ಸ್ಟಾರ್ಟರ್‌ಗಳು 2ಜಿ ಸಿಮ್ಮಿನಲ್ಲಷ್ಟೇ ಕೆಲಸ ಮಾಡುತ್ತವೆ. ಜಿಯೋ ಜಾಲ ಆರಂಭದಿಂದಲೂ 4ಜಿಯದ್ದು. ಅದರಲ್ಲಿ 2ಜಿ ಇಲ್ಲವೇ ಇಲ್ಲ. ಆದ್ದರಿಂದ ಮನೆಯವರೆಲ್ಲರ ಸಿಮ್ ಬದಲಿಸುವ ಉತ್ಸಾಹದಲ್ಲಿ ಪಂಪ್‌ಸೆಟ್ಟಿನ ಸಿಮ್ಮನ್ನೂ ಬದಲಿಸಿದರೆ ಮೋಟರ್ ನಿಮ್ಮ ಕರೆಗೆ ಓಗೊಡುವುದಿಲ್ಲ.

ಎರಡನೆಯ ಹಂತ: ಪ್ರೀಪೇಯ್ಡೋ ಪೋಸ್ಟ್‌ಪೇಯ್ಡೋ?

ಅಮೆರಿಕದಂಥ ದೇಶಗಳಲ್ಲಿ ಮೊಬೈಲ್ ಕಂಪನಿಯೇ ಫೋನನ್ನು ಕಡಿಮೆ ಮುಂಗಡಕ್ಕೆ ಕೊಟ್ಟು, ಎರಡು ಮೂರು ವರ್ಷ ತನ್ನ ಸೇವೆಯನ್ನೇ ಬಳಸಬೇಕೆಂದು ಕರಾರು ಮಾಡಿಕೊಳ್ಳುವ ಪದ್ಧತಿ ಬಹುಕಾಲದಿಂದ ಇದೆ. ನಮ್ಮಲ್ಲಿ ಫೋನ್ ಒಂದು ಕಡೆ, ಸಿಮ್ ಇನ್ನೊಂದು ಕಡೆ ಕೊಳ್ಳುವುದೇ ರೂಢಿ. ಹಾಗಾಗಿ ಇಲ್ಲಿ ಪ್ರಶ್ನೆ ಸರಳವಾಗಿದೆ: ಮೊದಲೇ ದುಡ್ಡು ಕಟ್ಟಿ ಬಳಸುವುದೋ, ಬಳಸಿ ತಿಂಗಳ ಕೊನೆಗೆ ಬಿಲ್ ಕಟ್ಟುವುದೋ?

ತೀರ್ಮಾನಕ್ಕೆ ಮುಂಚೆ ಕಳೆದ ತಿಂಗಳು ನೀವು ಎಷ್ಟು ಡೇಟಾ ಬಳಸಿದಿರಿ ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡಿ ಬರೆದುಕೊಳ್ಳಿ. ದಿನಕ್ಕೆ 2 ಜಿಬಿಯ ಪ್ಯಾಕ್ ಹಾಕಿಸಿಕೊಂಡು ಅರ್ಧ ಜಿಬಿಯನ್ನೂ ಮುಟ್ಟದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆ ದಿನದ ಉಳಿಕೆ ನಡುರಾತ್ರಿಗೆ ಕಳೆದುಹೋಗುತ್ತದೆ. ಸಾಮಾನ್ಯ ಪ್ರೀಪೇಯ್ಡ್ ಪ್ಯಾಕಿನಲ್ಲಿ ಅದು ಮರುದಿನಕ್ಕೆ ಸೇರುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಭಾನುವಾರವಷ್ಟೇ ಪರಊರಿನಲ್ಲಿರುವ ಮಕ್ಕಳೊಂದಿಗೆ ವಿಡಿಯೊ ಕರೆಯಲ್ಲಿ ಕೂರುವವರಿಗೆ ಅಂದಿನ ಪಾಲು ಮುಗಿದು, ವೇಗ 64 ಕೆಬಿಪಿಎಸ್‌ಗೆ ಇಳಿದು, ಚಿತ್ರವೇ ನಿಂತುಬಿಡುತ್ತದೆ. ಬಳಕೆ ಹೀಗೆ ಏರಿಳಿಯುವವರಿಗೆ ದಿನದ ಮಿತಿ ಇಲ್ಲದ, ತಿಂಗಳಿಗೆ ಒಟ್ಟಾಗಿ ಡೇಟಾ ಕೊಡುವ ಪೋಸ್ಟ್‌ಪೇಯ್ಡ್ ಒಗ್ಗುತ್ತದೆ.

ದರವನ್ನು ಹೋಲಿಸುವಾಗ ಎರಡು ಕಡೆ ಲೆಕ್ಕ ತಪ್ಪುತ್ತದೆ. ಪ್ರೀಪೇಯ್ಡ್‌ನಲ್ಲಿ 28 ದಿನದ ಪ್ಯಾಕನ್ನು ನಾವು 'ತಿಂಗಳ ಪ್ಯಾಕ್' ಎಂದು ಕರೆಯುತ್ತೇವೆ, ಆದರೆ ವರ್ಷಕ್ಕೆ ಅಂಥವು ಹದಿಮೂರು ಬೇಕಾಗುತ್ತವೆ. 300 ರೂಪಾಯಿಯ ಪ್ಯಾಕ್ ಎಂದಿಟ್ಟುಕೊಂಡರೆ ವರ್ಷದ ಖರ್ಚು 3,600 ಅಲ್ಲ, 3,900 ರೂಪಾಯಿ. ಈ ಗೊಂದಲ ತಪ್ಪಿಸಲೆಂದೇ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರ ಜನವರಿಯಲ್ಲಿ, 30 ದಿನ ಬಾಳುವ ಪ್ಯಾಕನ್ನೂ ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸಬಹುದಾದ ಪ್ಯಾಕನ್ನೂ ಕಂಪನಿಗಳು ಇಡಲೇಬೇಕೆಂದು ಆದೇಶಿಸಿತು. ಅಂಗಡಿಯವರು ತಾವಾಗಿ ಇದನ್ನು ಹೇಳುವುದು ಕಡಿಮೆ, ನೀವೇ ಕೇಳಬೇಕು. ಇನ್ನು ಪೋಸ್ಟ್‌ಪೇಯ್ಡ್‌ನಲ್ಲಿ ಜಾಹೀರಾತಿನ ದರಕ್ಕೆ ಶೇ 18ರ ಜಿಎಸ್‌ಟಿ ಆಮೇಲೆ ಸೇರುತ್ತದೆ, ಪ್ರೀಪೇಯ್ಡ್ ದರದಲ್ಲಿ ಅದು ಮೊದಲೇ ಸೇರಿರುತ್ತದೆ. 400 ರೂಪಾಯಿ ಎಂದು ಬರೆದಿರುವ ಪೋಸ್ಟ್‌ಪೇಯ್ಡ್‌ನ ಬಿಲ್ 472 ರೂಪಾಯಿಗೆ ಬರುತ್ತದೆ.

ಇಷ್ಟಾದ ಮೇಲೆ ಪೋಸ್ಟ್‌ಪೇಯ್ಡ್ ಯಾರಿಗೆ? ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗಳಿಗೆ, ಕಚೇರಿಯಿಂದ ಫೋನ್ ಬಿಲ್ ಮರಳಿ ಪಡೆಯುವವರಿಗೆ, ಒಂದೇ ಬಿಲ್ಲಿನಲ್ಲಿ ಮೂರು ನಾಲ್ಕು ಸಿಮ್ ನಡೆಸುವ ಕುಟುಂಬಗಳಿಗೆ ಹಾಗೂ ರೀಚಾರ್ಜ್ ಮರೆತು ಕರೆ ನಿಂತುಹೋದರೆ ಕೆಲಸವೇ ಕೆಡುವಂಥವರಿಗೆ. ಸುಗ್ಗಿಗೊಮ್ಮೆ ಆದಾಯ ಬರುವ ಮನೆಗೆ ಅದು ಹೊಂದುವುದಿಲ್ಲ ಎಂದೇ ನಾನು ಹೇಳುತ್ತೇನೆ. ಬೆಳೆ ಮಾರಿದಾಗ ವರ್ಷದ ಪ್ರೀಪೇಯ್ಡ್ ಪ್ಯಾಕನ್ನು ಒಂದೇ ಸಲ ಹಾಕಿಸಿದರೆ ಮುಂದಿನ ಮುಂಗಾರಿನಲ್ಲಿ ಆ ಚಿಂತೆ ಇರುವುದಿಲ್ಲ, ನಡುವೆ ದರ ಏರಿದರೂ ತಗಲುವುದಿಲ್ಲ. 2024ರ ಜುಲೈನಲ್ಲಿ ಮೂರೂ ಖಾಸಗಿ ಕಂಪನಿಗಳು ದರ ಏರಿಸಿದಾಗ, ಅದಕ್ಕೆ ಮುಂಚೆ ವರ್ಷದ ಪ್ಯಾಕ್ ಹಾಕಿಸಿದ್ದವರು ಹಳೆಯ ದರದಲ್ಲೇ ವರ್ಷ ಕಳೆದರು.

ಹೊಸದುರ್ಗದ ಕಡೆಯ ಹಳ್ಳಿಯಲ್ಲಿರುವ ನನ್ನ ಚಿಕ್ಕಮ್ಮನ ಬಳಿ ಇರುವುದು ಬಟನ್ ಫೋನ್. ಡೇಟಾ ಎಂದರೇನೆಂದೇ ಅವರಿಗೆ ಬೇಡ. ಆದರೂ ವರ್ಷಗಟ್ಟಲೆ ಡೇಟಾ ಸೇರಿದ ಪ್ಯಾಕಿಗೇ ದುಡ್ಡು ಕೊಟ್ಟರು. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕುಗಳನ್ನು ಕಡ್ಡಾಯ ಮಾಡಿ, ಅಂಥ ವಿಶೇಷ ಪ್ಯಾಕುಗಳ ಅವಧಿಯ ಮಿತಿಯನ್ನು 90 ದಿನದಿಂದ 365 ದಿನಕ್ಕೆ ಏರಿಸಿತು. ಮರುವರ್ಷದ ಜನವರಿಯಿಂದ ಅವು ಸಿಗತೊಡಗಿದವು. ಮನೆಯ ಹಿರಿಯರಿಗೂ ಪಂಪ್‌ಸೆಟ್ಟಿನ ಸಿಮ್ಮಿಗೂ ಇವೇ ಸರಿ. ಬ್ಯಾಂಕಿಗೂ ಆಧಾರ್‌ಗೂ ಕೊಟ್ಟಿರುವ ಸಂಖ್ಯೆಯನ್ನು ಮಾತ್ರ ಯಾವ ಕಾರಣಕ್ಕೂ ಸಾಯಲು ಬಿಡಬಾರದು: 90 ದಿನ ಯಾವ ಬಳಕೆಯೂ ಇಲ್ಲದ ಪ್ರೀಪೇಯ್ಡ್ ಸಂಖ್ಯೆಯನ್ನು ಕಂಪನಿ ರದ್ದು ಮಾಡಬಹುದು, ಕೆಲಕಾಲದ ನಂತರ ಅದು ಬೇರೆಯವರ ಕೈ ಸೇರಬಹುದು.

ಸಿಗ್ನಲ್ ಚೆನ್ನಾಗಿರುವ ಕಂಪನಿ ಬೇರೆಯಾಗಿದ್ದರೆ ಸಂಖ್ಯೆ ಬದಲಿಸಬೇಕಿಲ್ಲ. ಈಗಿನ ಸಿಮ್ಮಿನಿಂದ 'ಪೋರ್ಟ್' ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ನಿಮ್ಮ ಹತ್ತಂಕಿಯ ಸಂಖ್ಯೆ ಸೇರಿಸಿ 1900ಕ್ಕೆ ಎಸ್‌ಎಂಎಸ್ ಕಳುಹಿಸಿದರೆ ನಾಲ್ಕು ದಿನ ಬಾಳುವ ಕೋಡ್ ಬರುತ್ತದೆ. ಅದನ್ನೂ ಆಧಾರ್ ಕಾರ್ಡನ್ನೂ ಹೊಸ ಕಂಪನಿಯ ಅಂಗಡಿಗೆ ಒಯ್ಯಿರಿ. ಈಗಿನ ಕಂಪನಿಯಲ್ಲಿ 90 ದಿನ ತುಂಬಿರಬೇಕು, ಪೋಸ್ಟ್‌ಪೇಯ್ಡ್ ಬಾಕಿ ಇದ್ದರೆ ತೀರಿಸಿರಬೇಕು. ಹಳೆಯ ಕಂಪನಿಯ ಪ್ಯಾಕಿನಲ್ಲಿ ಉಳಿದ ದಿನಗಳು ಹೊಸದಕ್ಕೆ ಬರುವುದಿಲ್ಲವಾದ್ದರಿಂದ ಪ್ಯಾಕ್ ಮುಗಿಯುವ ವಾರದಲ್ಲೇ ಇದನ್ನು ಮಾಡುವುದು ಒಳ್ಳೆಯದು.

ಮೂರನೆಯ ಹಂತ: ಈಗ ಫೋನ್

ನಮ್ಮ ಜಿಲ್ಲೆಗಳ ಬದುಕಿಗೆ ಬೇಕಾದ ಗುಣಗಳು ಜಾಹೀರಾತಿನ ಮೊದಲ ಸಾಲಿನಲ್ಲಿ ಇರುವುದಿಲ್ಲ. ಮೊದಲನೆಯದು ಬಿಸಿಲು. ಏಪ್ರಿಲ್‌ನ ಮಧ್ಯಾಹ್ನ ಎಪಿಎಂಸಿ ಅಂಗಳದಲ್ಲಿ ನಿಂತು ಪಾವತಿಯ ಸಂದೇಶ ಓದಬೇಕಾದವರಿಗೆ ಪರದೆಯ ಗರಿಷ್ಠ ಬೆಳಕು 1,000 ನಿಟ್ಸ್ ಹತ್ತಿರವಾದರೂ ಇರಬೇಕು. ಅಂಕಿ ಓದುವುದಕ್ಕಿಂತ ಫೋನನ್ನು ಅಂಗಡಿಯ ಬಾಗಿಲಾಚೆ ಒಯ್ದು ನೋಡುವುದೇ ಮೇಲು, ಅಂಗಡಿಯವರು ಬೇಡವೆನ್ನುವುದಿಲ್ಲ. ಎರಡನೆಯದು ದೂಳು. ಜೋಳದ ಒಕ್ಕಣೆಯ ದೂಳು ಚಾರ್ಜಿಂಗ್ ತೂತಿನಲ್ಲೂ ಸ್ಪೀಕರಿನಲ್ಲೂ ಕೂರುತ್ತದೆ. ಪೆಟ್ಟಿಗೆಯ ಮೇಲೆ 'ಐಪಿ' ಎಂದು ಬರೆದ ಎರಡಂಕಿಯ ಸಂಖ್ಯೆಯಲ್ಲಿ ಮೊದಲ ಅಂಕಿ ದೂಳಿನದು, ಎರಡನೆಯದು ನೀರಿನದು. ಮೊದಲ ಅಂಕಿ 5 ಆಗಿದ್ದರೆ ಹಾನಿಯಾಗುವಷ್ಟು ದೂಳು ಒಳಹೋಗದು, 6 ಆಗಿದ್ದರೆ ದೂಳು ಒಳಗೆ ಹೋಗುವುದೇ ಇಲ್ಲ. ಐಪಿ54 ಇರುವ ಫೋನ್ ಮಳೆಹನಿಯನ್ನು ತಡೆದೀತು, ತೊಟ್ಟಿಗೆ ಬಿದ್ದರೆ ತಡೆಯದು.

ರ್‍ಯಾಮ್ ವಿಷಯದಲ್ಲಿ '8+8 ಜಿಬಿ' ಎಂಬ ಬರಹಕ್ಕೆ ಮೋಸಹೋಗಬೇಡಿ. ಅದರಲ್ಲಿ ನಿಜವಾದ ರ್‍ಯಾಮ್ 8 ಮಾತ್ರ; ಇನ್ನೊಂದು 8 ಸಂಗ್ರಹದ ಜಾಗದಿಂದಲೇ ಎರವಲು ತೆಗೆದದ್ದು, ಬಹಳ ನಿಧಾನದ್ದು. ನಾಲ್ಕು ವರ್ಷ ಬಳಸುವ ಉದ್ದೇಶವಿದ್ದರೆ 6 ಜಿಬಿ ನಿಜವಾದ ರ್‍ಯಾಮ್ ಮತ್ತು 128 ಜಿಬಿ ಸಂಗ್ರಹಕ್ಕಿಂತ ಕಡಿಮೆಯದ್ದನ್ನು ಕೊಳ್ಳಬೇಡಿ. ಸಂಗ್ರಹ 'ಇಎಂಎಂಸಿ' ಬಗೆಯದೋ 'ಯುಎಫ್‌ಎಸ್' ಬಗೆಯದೋ ಎಂದು ಕೇಳಿ. ವಾಟ್ಸ್‌ಆ್ಯಪ್ ಚಿತ್ರಗಳಿಂದ ತುಂಬಿದ ಫೋನ್ ಎರಡು ವರ್ಷದ ಮೇಲೂ ಹ್ಯಾಂಗ್ ಆಗದಂತಿರಲು ಎರಡನೆಯದು ಬೇಕು. ಕ್ಯಾಮೆರಾದ ಮೆಗಾಪಿಕ್ಸೆಲ್ ಅಂಕಿ ಅಷ್ಟು ಮುಖ್ಯವಲ್ಲ. 50 ಮೆಗಾಪಿಕ್ಸೆಲ್ ಎಂದಿದ್ದರೂ ಸಾಮಾನ್ಯವಾಗಿ ನಾಲ್ಕು ಬಿಂದುಗಳನ್ನು ಒಂದಾಗಿಸಿ ಹನ್ನೆರಡೂವರೆ ಮೆಗಾಪಿಕ್ಸೆಲ್ಲಿನ ಚಿತ್ರವನ್ನೇ ಕೊಡುತ್ತವೆ. ಪಕ್ಕದ 2 ಮೆಗಾಪಿಕ್ಸೆಲ್ ಕ್ಯಾಮೆರಾಗಳಿಂದ ಪ್ರಯೋಜನ ತೀರಾ ಅಲ್ಪ. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ಹೊಲದಲ್ಲೇ ನಿಂತು ಚಿತ್ರ ತೆಗೆದು ಸೇರಿಸಬೇಕಾದ ರೈತರಿಗೆ ಕ್ಯಾಮೆರಾಗಿಂತಲೂ ಜಿಪಿಎಸ್ ಬೇಗ ಮತ್ತು ಸರಿಯಾಗಿ ಜಾಗ ಹಿಡಿಯುವುದು ಮುಖ್ಯ. ಅಂಗಡಿಯ ಹೊರಗೆ ಬಂದಾಗಲೇ ನಕ್ಷೆ ತೆರೆದು ಇದನ್ನೂ ನೋಡಿಬಿಡಿ.

ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಕೊಡುತ್ತಾರೆ ಎಂಬುದನ್ನು ಕೇಳಲೇಬೇಕು, ಏಕೆಂದರೆ ಈಗ ನಮ್ಮ ದುಡ್ಡೆಲ್ಲ ಯುಪಿಐ ಮೂಲಕ ಇದೇ ಫೋನಿನಲ್ಲಿ ಓಡಾಡುತ್ತದೆ. ಅಪ್‌ಡೇಟ್ ನಿಂತ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ಇಟ್ಟುಕೊಳ್ಳುವುದು ಚಿಲಕ ಸಡಿಲವಾದ ಬೀರುವಿನಲ್ಲಿ ಹಣ ಇಟ್ಟಂತೆ. ಹಾಗೆಯೇ ಆ ಬ್ರ್ಯಾಂಡಿನ ಅಧಿಕೃತ ಸರ್ವಿಸ್ ಸೆಂಟರ್ ದಾವಣಗೆರೆಯಲ್ಲಿ ಅಥವಾ ಚಿತ್ರದುರ್ಗದಲ್ಲಿ ಇದೆಯೇ ಎಂದು ಕಂಪನಿಯ ಜಾಲತಾಣದಲ್ಲಿ ನೋಡಿಕೊಳ್ಳಿ. ಒಡೆದ ಡಿಸ್ಪ್ಲೇಗಾಗಿ ಬೆಂಗಳೂರಿನವರೆಗೆ ಹೋಗಿಬರುವ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕನ್ನಡ ಟೈಪಿಂಗ್ ಅಂಗಡಿಯಲ್ಲೇ ಪರೀಕ್ಷಿಸಿ: 'ಸ್ತ್ರೀ', 'ರಾಷ್ಟ್ರ' ಎಂಬ ಎರಡು ಪದ ಬರೆದರೆ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೋ ಇಲ್ಲವೋ ಗೊತ್ತಾಗುತ್ತದೆ.

ನಾಲ್ಕನೆಯ ಹಂತ: ಕಂತಿನ ಕರಾರು

ಸಿಮ್ಮಿನ ಕರಾರು ನಮ್ಮಲ್ಲಿಲ್ಲ ಎಂದೆ. ನಮ್ಮನ್ನು ಕಟ್ಟಿಹಾಕುವ ಕರಾರು ಇರುವುದು ಇಎಂಐನಲ್ಲಿ. ಒಂದು ಉದಾಹರಣೆ ತೆಗೆದುಕೊಳ್ಳೋಣ. ನಗದು ಕೊಟ್ಟರೆ 15,000 ರೂಪಾಯಿಗೆ ಸಿಗುವ ಫೋನ್ ಕಂತಿನಲ್ಲಿ 16,500. ಮುಂಗಡ 5,500, ಫೈಲ್ ಚಾರ್ಜ್ 500, ಉಳಿದದ್ದು ತಿಂಗಳಿಗೆ 1,100ರಂತೆ ಹತ್ತು ಕಂತು. 'ಬಡ್ಡಿ ಇಲ್ಲ' ಎಂದೇ ಹೇಳುತ್ತಾರೆ. ಆದರೆ ಮೊದಲ ದಿನವೇ ನಿಮ್ಮ ಕೈಯಿಂದ 6,000 ಹೋಗಿರುವುದರಿಂದ, ನಗದು ಬೆಲೆಯ ಪ್ರಕಾರ ನಿಮಗೆ ಸಿಕ್ಕಿರುವ ಸಾಲ 9,000 ಮಾತ್ರ. ಅದಕ್ಕೆ ನೀವು ತೀರಿಸುವುದು 11,000. ಕಂತು ಕಟ್ಟುತ್ತಾ ಸಾಲ ಕರಗುವುದನ್ನೂ ಲೆಕ್ಕ ಹಿಡಿದರೆ ಇದು ತಿಂಗಳಿಗೆ ನೂರಕ್ಕೆ ಹತ್ತಿರ ಹತ್ತಿರ ನಾಲ್ಕು ರೂಪಾಯಿ ಬಡ್ಡಿ. ಊರಿನಲ್ಲಿ ಯಾರಾದರೂ ಆ ದರಕ್ಕೆ ಸಾಲ ಕೊಡುತ್ತೇನೆಂದರೆ ನಾವು ಎರಡು ಬಾರಿ ಯೋಚಿಸುತ್ತೇವೆ.

ಆದ್ದರಿಂದ ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ನಗದು ಬೆಲೆ. ಅದನ್ನು ಚೀಟಿಯಲ್ಲಿ ಬರೆಸಿಕೊಂಡು, ಆಮೇಲೆ ಕಂತಿನ ಒಟ್ಟು ಮೊತ್ತವನ್ನು ಮುಂಗಡ ಮತ್ತು ಫೈಲ್ ಚಾರ್ಜ್ ಸಮೇತ ಅದರ ಪಕ್ಕದಲ್ಲಿ ಬರೆಸಿ. ಕಂತು ತಪ್ಪಿದರೆ ಫೋನನ್ನು ದೂರದಿಂದಲೇ ಲಾಕ್ ಮಾಡುವ ಆ್ಯಪ್ ಹಾಕುತ್ತಾರೆಯೇ, ದಂಡ ಎಷ್ಟು ಎಂಬುದನ್ನೂ ಸಹಿ ಹಾಕುವ ಮೊದಲು ಕೇಳಿ.

ಐದನೆಯ ಹಂತ: ಬಿಲ್ ಕೈಗೆ ಬರುವ ಮುನ್ನ

ಫೋನಿನಲ್ಲಿ *#06# ಒತ್ತಿ. ಹದಿನೈದು ಅಂಕಿಯ ಐಎಂಇಐ ಸಂಖ್ಯೆ ಕಾಣುತ್ತದೆ, ಎರಡು ಸಿಮ್ಮಿನ ಫೋನಾದರೆ ಎರಡು ಸಂಖ್ಯೆ. ಪೆಟ್ಟಿಗೆಯ ಮೇಲೂ ಬಿಲ್ಲಿನ ಮೇಲೂ ಅದೇ ಇರಬೇಕು. ಬಳಸಿದ ಫೋನ್ ಕೊಳ್ಳುವವರು ಹಣ ಕೊಡುವ ಮೊದಲೇ ಕೇಂದ್ರ ದೂರಸಂಪರ್ಕ ಇಲಾಖೆಯ 'ಸಂಚಾರ್ ಸಾಥಿ' ಜಾಲತಾಣದಲ್ಲಿ ಈ ಸಂಖ್ಯೆ ಹಾಕಿ ನೋಡಿದರೆ ಅದು ಕಳುವಿನ ಮಾಲೆಂದು ತಡೆಹಿಡಿದ ಫೋನೇ ಎಂಬುದು ತಿಳಿಯುತ್ತದೆ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಚಾಲ್ತಿಯಲ್ಲಿವೆ ಎಂಬುದನ್ನೂ ಅಲ್ಲೇ ನೋಡಬಹುದು. ಮುಂದೆ ನಿಮ್ಮದೇ ಫೋನ್ ಕಳೆದರೆ ಪೊಲೀಸ್ ದೂರಿನ ಪ್ರತಿಯೊಂದಿಗೆ ಅದನ್ನು ತಡೆಹಿಡಿಸುವುದೂ ಅಲ್ಲಿಯೇ, ಆಗ ಕೇಳುವುದು ಇದೇ ಸಂಖ್ಯೆಯನ್ನು. ಬಿಲ್ಲನ್ನು ಪಹಣಿ, ಪಾಸ್‌ಬುಕ್ ಇಡುವ ಕಡೆಯೇ ಇಡಿ. ಅದರ ಚಿತ್ರವನ್ನು ಅದೇ ಫೋನಿನಲ್ಲಿ ತೆಗೆದಿಟ್ಟುಕೊಂಡರೆ ಫೋನ್ ಕಳೆದ ದಿನ ಚಿತ್ರವೂ ಕಳೆದಿರುತ್ತದೆ, ಹಾಗಾಗಿ ಮನೆಯ ಇನ್ನೊಬ್ಬರ ಫೋನಿಗೆ ಕಳುಹಿಸಿ.