ಎದೆನೋವು, ಗ್ಯಾಸ್ಟ್ರಿಕ್ ಮತ್ತು ಮೊದಲ ಹತ್ತು ನಿಮಿಷ

ನಮ್ಮ ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಎದೆ ಹಿಡಿದುಕೊಂಡು ಬರುವವರಲ್ಲಿ ಅನೇಕರು ಕಾಯಿಲೆಯ ಹೆಸರನ್ನೂ ತಾವೇ ಹೇಳಿಬಿಡುತ್ತಾರೆ: "ಗ್ಯಾಸ್ಟ್ರಿಕ್ಕು ಸಾರ್, ಒಂದು ಇಂಜೆಕ್ಷನ್ ಹಾಕಿ ಕಳಿಸಿ, ಹಾಲು ಕರೆಯೋ ಹೊತ್ತಾಯ್ತು." ಎಷ್ಟೋ ಸಲ ಅದು ನಿಜವೇ ಆಗಿರುತ್ತದೆ. ಆದರೆ ಹೃದಯದ ಕೆಳಭಾಗಕ್ಕಾಗುವ ಆಘಾತವೂ ಹೊಟ್ಟೆಯ ಮೇಲ್ಭಾಗದ ಉರಿ, ವಾಕರಿಕೆ, ತೇಗುಗಳ ರೂಪದಲ್ಲಿ ಕಾಣಿಸಿಕೊಳ್ಳಬಹುದಾದ್ದರಿಂದ, ಬರೀ ಮಾತು ಕೇಳಿ ಎರಡನ್ನೂ ಬೇರ್ಪಡಿಸುವುದು ವೈದ್ಯರಿಗೂ ಆಗದ ಕೆಲಸ. ಹೀಗಾಗಿ ದವಡೆಯಿಂದ ಹೊಕ್ಕುಳಿನವರೆಗೆ ಎಲ್ಲಿ ನೋವೆಂದರೂ, ಓಪಿಡಿ ಚೀಟಿಗೆ ಕಾಯದೆ, ಬಂದ 10 ನಿಮಿಷದೊಳಗೆ ಇಸಿಜಿ ತೆಗೆಯಬೇಕೆಂದು ಕಟ್ಟಳೆ ಮಾಡಿಕೊಂಡೆವು. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ ಮತ್ತು ಹೆಂಗಸರಲ್ಲಿ ನೋವಿಲ್ಲದೆ ಏದುಸಿರು, ತಣ್ಣನೆಯ ಬೆವರು, ವಿಪರೀತ ಸುಸ್ತು ಮಾತ್ರ ಇರಬಹುದಾದ್ದರಿಂದ ಅವರನ್ನೂ ಇದಕ್ಕೆ ಸೇರಿಸಿದೆವು.

ಕಟ್ಟಳೆಯನ್ನು ಬರೆದು ಗೋಡೆಗೆ ಅಂಟಿಸಿದ್ದು ಸುಲಭವಾಗಿತ್ತು, ನಡೆಸುವುದು ಹಾಗಿರಲಿಲ್ಲ. ನಾಲ್ಕು ಜನ ಓಡಾಡುವ ಕಡೆ ರವಿಕೆ ಸಡಿಲಿಸಲು ಯಾವ ಹೆಂಗಸೂ ಒಪ್ಪುತ್ತಿರಲಿಲ್ಲ, "ನರ್ಸಮ್ಮ ಬರಲಿ" ಎಂದು ಕಾಯುವುದರಲ್ಲೇ ಅಮೂಲ್ಯವಾದ ಹೊತ್ತು ಹೋಗುತ್ತಿತ್ತು. ಯಂತ್ರವನ್ನು ಪರದೆಯ ಹಿಂದಿನ ಮಂಚದ ಪಕ್ಕಕ್ಕೆ ಸರಿಸಿ, ಇಸಿಜಿ ತೆಗೆಯುವುದನ್ನು ಎಲ್ಲ ಸ್ಟಾಫ್ ನರ್ಸ್‌ಗಳಿಗೂ ಕಲಿಸಿದ ಮೇಲೆ ಆ ತಡ ನಿಂತಿತು. ಮೊದಲ ಇಸಿಜಿ ಸರಿಯಾಗಿದ್ದು ನೋವು ಮುಂದುವರಿದರೆ 15ರಿಂದ 30 ನಿಮಿಷದಲ್ಲಿ ಮತ್ತೊಂದು ತೆಗೆಯುತ್ತೇವೆ; ಹೃದಯದ ಮಾಂಸಖಂಡಕ್ಕೆ ಪೆಟ್ಟಾದಾಗ ಹೊರಬರುವ ಟ್ರೋಪೋನಿನ್ ಎಂಬ ಪ್ರೋಟೀನ್ ರಕ್ತದಲ್ಲಿ ಏರಲು ಕೆಲವು ಗಂಟೆಗಳೇ ಬೇಕಾದ್ದರಿಂದ ಆ ಪರೀಕ್ಷೆಯೊಂದನ್ನೇ ನಂಬಿ ಮನೆಗೆ ಕಳಿಸುವುದಿಲ್ಲ.

ಇಸಿಜಿಯಲ್ಲಿ ಆಘಾತ ಖಚಿತವಾದರೆ ಆಸ್ಪಿರಿನ್ ಅಗಿಸಿ ನುಂಗಿಸುತ್ತೇವೆ ಮತ್ತು ಮುಂದೆ ಬಲ ಮಣಿಕಟ್ಟಿನ ಮೂಲಕ ಆಂಜಿಯೋಗ್ರಾಮ್ ಮಾಡಲು ಅನುಕೂಲವಾಗಲೆಂದು ರಕ್ತನಾಳಕ್ಕೆ ಔಷಧಿ ಕೊಡುವ ಸೂಜಿಯನ್ನು ಎಡಗೈಗೆ ಹಾಕುತ್ತೇವೆ. ರಕ್ತನಾಳ ಹಿಗ್ಗಿಸುವ ಸಾರ್ಬಿಟ್ರೇಟ್ ಮಾತ್ರೆಯನ್ನು ನಾಲಿಗೆಯಡಿ ಇಡುವುದು ಬಿಪಿ ನೋಡಿದ ನಂತರವೇ, ಏಕೆಂದರೆ ಹೃದಯದ ಬಲಭಾಗಕ್ಕೆ ಪೆಟ್ಟಾಗಿದ್ದರೆ ಆ ಪುಟ್ಟ ಮಾತ್ರೆಯೇ ಬಿಪಿಯನ್ನು ಪಾತಾಳಕ್ಕಿಳಿಸಬಲ್ಲದು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ, ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ತಾಲ್ಲೂಕು ಮಟ್ಟದಲ್ಲೇ ಉಚಿತವಾಗಿ ಸಿಗುತ್ತಿದೆ. ಹಿಂದೆ ಮಿದುಳಿನಲ್ಲಿ ರಕ್ತಸ್ರಾವವಾಗಿತ್ತೇ ಎಂಬುದೂ ಸೇರಿದಂತೆ ಕೇಳಬೇಕಾದ್ದನ್ನೆಲ್ಲ ಕೇಳಿ, ತೂಕ ನೋಡಿ, ನೋವು ಶುರುವಾದ 12 ಗಂಟೆಯೊಳಗಿದ್ದರೆ ಕೊಟ್ಟು, ದೊಡ್ಡ ಆಸ್ಪತ್ರೆಗೆ ಕಳಿಸುತ್ತೇವೆ. ಎಷ್ಟು ಬೇಗ ಕೊಟ್ಟರೆ ಅಷ್ಟು ಹೃದಯದ ಮಾಂಸಖಂಡ ಉಳಿಯುತ್ತದೆ.

2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗಿನಿಂದಲೇ ಜನ ಸಾಲುಗಟ್ಟಿದ್ದರು. ಆ ಭಯ ನನಗೆ ಅರ್ಥವಾಗುತ್ತದೆ, ಆದರೆ ನೋವಿಲ್ಲದ ಹೊತ್ತಿನಲ್ಲಿ ತೆಗೆದ ಒಳ್ಳೆಯ ಇಸಿಜಿ ರಕ್ತನಾಳದಲ್ಲಿ ಕೊಬ್ಬು ಕಟ್ಟಿಲ್ಲವೆಂದು ಹೇಳಲಾರದು. ಅದಕ್ಕಿಂತ ಬಿಪಿ ಪಟ್ಟಿ, ಸಕ್ಕರೆ ಮತ್ತು ಕೊಲೆಸ್ಟ್ರಾಲ್ ಪರೀಕ್ಷೆ, ದರ್ಜಿಯ ಅಳತೆ ಪಟ್ಟಿ ಹೆಚ್ಚು ಹೇಳುತ್ತವೆ: ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರವಾಗಬೇಕು. ಬೀಡಿ, ಸಿಗರೇಟು, ಗುಟ್ಕಾಗಳ ಬಗ್ಗೆ ನಾನು ರಾಜಿಯ ಮಾತಾಡುವುದಿಲ್ಲ. "ದಿನಕ್ಕೆರಡೇ ಸಾರ್" ಎಂಬುದು ಹೃದಯಕ್ಕೆ ರಿಯಾಯಿತಿಯಲ್ಲ. ಉಪ್ಪಿನ ವಿಷಯದಲ್ಲಿ ಅಡುಗೆ ಮನೆಯವರನ್ನೇ ಕೂರಿಸಿಕೊಂಡು, ಉಪ್ಪಿನಕಾಯಿ ಮತ್ತು ಹಪ್ಪಳದಲ್ಲಿರುವುದನ್ನೂ ಲೆಕ್ಕಕ್ಕೆ ಹಿಡಿದು ದಿನಕ್ಕೆ ತಲೆಗೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ, ಎಂದು ಹೇಳುತ್ತೇನೆ.

ತಂದೆ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ, ತಾಯಿ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಹೃದಯಾಘಾತವಾಗಿದ್ದರೆ ಉಳಿದವರಿಗೂ ಅಪಾಯ ಹೆಚ್ಚು. ಆದ್ದರಿಂದ ಈಗ ರೋಗಿಯ ಜೊತೆ ಬಂದವರನ್ನೂ ಸುಮ್ಮನೆ ಬಿಡುವುದಿಲ್ಲ, ಊಟದ ಕ್ಯಾರಿಯರ್ ಹಿಡಿದು ಬಂದ ತಮ್ಮನ ತೋಳಿಗೂ ಅಲ್ಲೇ ಬಿಪಿ ಪಟ್ಟಿ ಸುತ್ತುತ್ತೇವೆ.