ಐಆರ್‌ಎಯಿಂದ ನೇರ ದಾನ: ಮೂರನೇ ವರ್ಷಕ್ಕೆ ಕೈಗೂಡಿತು

ಐಆರ್‌ಎ ಅಂದರೆ ಅಮೆರಿಕದ ನಿವೃತ್ತಿ ಉಳಿತಾಯ ಖಾತೆ. 70½ ವಯಸ್ಸಾದವರು ಅದರ ದುಡ್ಡನ್ನು ತಮ್ಮ ಕೈಗೆ ತೆಗೆದುಕೊಳ್ಳದೆ ನೇರ ಧರ್ಮಸಂಸ್ಥೆಗೆ ಕೊಟ್ಟರೆ ಅದಕ್ಕೆ ತೆರಿಗೆ ಇಲ್ಲ ಎಂದು ನಾನು ಹೇಳಿದಾಗ, "ಐಆರ್‌ಎಯಿಂದ ತೆಗೆದ ಮೇಲೆ ತೆರಿಗೆ ಕಟ್ಟಲೇಬೇಕು, ಇದೆಲ್ಲ ಆಗೋ ಮಾತಲ್ಲ ರಾಯರೇ" ಅಂತ ಡಲ್ಲಾಸ್‌ನ ನಮ್ಮ ನಿವೃತ್ತರ ಬಳಗದಲ್ಲಿ ಒಬ್ಬರಲ್ಲ, ನಾಲ್ವರು ಹೇಳಿದ್ದರು. 2025ರ ನನ್ನ ತೆರಿಗೆ ಫಾರ್ಮು 1040ರಲ್ಲಿ 4ಎ ಸಾಲಿಗೆ (ಐಆರ್‌ಎಯಿಂದ ತೆಗೆದ ಒಟ್ಟು) ಸುಮಾರು 26,000 ಡಾಲರ್, 4ಬಿ ಸಾಲಿಗೆ (ತೆರಿಗೆ ಬೀಳುವ ಭಾಗ) 14,000. ನಡುವಿನ 12,000ಕ್ಕೆ ಒಂದು ಸೆಂಟೂ ತೆರಿಗೆ ಬೀಳಲಿಲ್ಲ. ಆ ನಾಲ್ವರಲ್ಲಿ ಇಬ್ಬರು ಈಗ ನನ್ನ ಹತ್ತಿರವೇ ಕೇಳಿಕೊಂಡು ಹೋಗುತ್ತಾರೆ.

ಮೊದಲೆರಡು ವರ್ಷ ಎಡವಿದೆ. 2023ರಲ್ಲಿ ಹಳೆಯ ಕಂಪನಿಯ ನಿವೃತ್ತಿ ಖಾತೆ 401(ಕೆ)ಯಿಂದಲೇ ಕ್ಯೂಸಿಡಿ, ಅಂದರೆ ಈ ನೇರ ದಾನ, ಮಾಡಹೊರಟೆ. ಅಲ್ಲಿಂದ ಆಗುವುದೇ ಇಲ್ಲ. ಐಆರ್‌ಎಗೆ ದುಡ್ಡು ರೋಲ್‌ಓವರ್ (ವರ್ಗಾವಣೆ) ಆಗುವಷ್ಟರಲ್ಲಿ ಡಿಸೆಂಬರ್ ಕಳೆದಿತ್ತು. 2024ರಲ್ಲಿ 73 ತುಂಬಿತು. ಫೆಬ್ರವರಿಯಲ್ಲೇ ಪೂರ್ತಿ ಆರ್‌ಎಂಡಿಯನ್ನು (ಆ ವಯಸ್ಸಿನಿಂದ ವರ್ಷವರ್ಷ ಕಡ್ಡಾಯವಾಗಿ ತೆಗೆಯಬೇಕಾದ ಕನಿಷ್ಠ ಮೊತ್ತ) ಬ್ಯಾಂಕಿಗೆ ಇಳಿಸಿಕೊಂಡು, ಆಮೇಲೆ ದೇವಸ್ಥಾನಕ್ಕೆ ನನ್ನ ಚೆಕ್ಕು ಬರೆದೆ. ವರ್ಷದಲ್ಲಿ ಮೊದಲು ಹೊರಬಿದ್ದ ದುಡ್ಡೇ ಆರ್‌ಎಂಡಿ ಲೆಕ್ಕಕ್ಕೆ ಹೋಗುತ್ತದೆ, ಆಮೇಲೆ ತಿದ್ದಲು ಬರುವುದಿಲ್ಲ. ನಮ್ಮಿಬ್ಬರ ಸ್ಟ್ಯಾಂಡರ್ಡ್ ಡಿಡಕ್ಷನ್ (ಲೆಕ್ಕ ತೋರಿಸದೆಯೇ ಆದಾಯದಿಂದ ಕಳೆಯಬಹುದಾದ ಮೊತ್ತ) 32,000ದ ಆಸುಪಾಸು ಇದ್ದುದರಿಂದ ದಾನ, ಖರ್ಚುಗಳನ್ನು ಒಂದೊಂದಾಗಿ ತೋರಿಸಿ ಐಟಮೈಸ್ ಮಾಡಿಯೂ ಉಪಯೋಗವಿರಲಿಲ್ಲ. ಶೇ. 22ರ ಲೆಕ್ಕದಲ್ಲಿ 2,600 ಡಾಲರ್ ಹೋಯಿತು. ಈಗಲೂ ಹೊಟ್ಟೆ ಉರಿಯುತ್ತದೆ.

2025ರಲ್ಲಿ ಜನವರಿಯಲ್ಲೇ, ಬೇರೆ ಒಂದು ಡಾಲರೂ ತೆಗೆಯುವ ಮೊದಲು, ಐಆರ್‌ಎಯಿಂದ ನೇರ ದೇವಸ್ಥಾನಕ್ಕೆ 8,000 ಕಳಿಸಿದೆ. ಮೇ ತಿಂಗಳಾದರೂ ರಸೀದಿ ಇಲ್ಲ. ಹೋಗಿ ಕೇಳಿದರೆ ಖಜಾಂಚಿ ಹುಂಡಿ ಎಣಿಸುವ ಮೇಜಿನ ಡ್ರಾಯರ್ ಎಳೆದರು. ರಬ್ಬರ್ ಬ್ಯಾಂಡ್ ಹಾಕಿದ ಕಟ್ಟಿನ ಕೆಳಗೆ ನನ್ನ ಚೆಕ್ಕು! "ಯಾರದು ಅಂತ ಗೊತ್ತಾಗಲಿಲ್ಲ ಸಾರ್, ಹಾಗೇ ಇಟ್ಟಿದ್ದೆ." ಚೆಕ್ಕಿನ ಮೇಲೆ ಹಣಕಾಸು ಸಂಸ್ಥೆಯ ಹೆಸರೇ ದೊಡ್ಡದು, ನನ್ನ ಹೆಸರಿದ್ದ ತುಂಡನ್ನು ಹರಿದು ಬಿಸಾಕಿದ್ದರು. ಈಗ ದೇವಸ್ಥಾನದ ಹೆಸರಿನ ಚೆಕ್ಕನ್ನು ನನ್ನ ಮನೆಗೇ ತರಿಸಿಕೊಂಡು, ಪತ್ರದೊಡನೆ ಕೈಯಾರೆ ಕೊಟ್ಟು ಬರುತ್ತೇನೆ. ಪ್ರತಿಯಾಗಿ ಏನೂ ಪಡೆದಿಲ್ಲ ಎಂಬ ಸಾಲು ರಸೀದಿಯಲ್ಲಿ ಇರಲೇಬೇಕು. ಔತಣಕೂಟದ ಟಿಕೆಟ್ಟು ಇದರಲ್ಲಿ ಸೇರಿಸಬೇಡಿ.

ಉಳಿದ 4,000 ನಮ್ಮೂರ ಶಾಲೆಗೆ ಎಂದಿದ್ದೆ. ಭಾರತದ ಟ್ರಸ್ಟಿಗೆ ನೇರ ಕೊಟ್ಟರೆ ನಡೆಯುವುದಿಲ್ಲ. ಕರ್ನಾಟಕದ ಹಳ್ಳಿ ಶಾಲೆಗಳಿಗೆ ದುಡಿಯುವ, ಇಲ್ಲಿ ಅಮೆರಿಕದಲ್ಲಿ 501(ಸಿ)(3), ಅಂದರೆ ತೆರಿಗೆ ವಿನಾಯಿತಿಯ ಧರ್ಮಸಂಸ್ಥೆ ಎಂಬ ನೋಂದಣಿ ಇರುವ ಸಂಸ್ಥೆ ಹುಡುಕಿ ಕೊಟ್ಟೆ. ಡೋನರ್ ಅಡ್ವೈಸ್ಡ್ ಫಂಡಿಗೂ (ಮೊದಲು ಹಣ ಹಾಕಿ, ಯಾರಿಗೆ ಹೋಗಬೇಕೆಂದು ಆಮೇಲೆ ಸೂಚಿಸುವ ದಾನದ ಖಾತೆ) ಕ್ಯೂಸಿಡಿ ಹೋಗದು. ಆ ಫಂಡಿಗೆ ಬೇರೆಯದನ್ನು ಕೊಟ್ಟು ನೋಡಿದೆ: 2,000ಕ್ಕೆ ಕೊಂಡು 9,000 ಆಗಿದ್ದ ಹಳೆಯ ಷೇರು. ಲಾಭದ ತೆರಿಗೆ ಉಳಿಯಿತು, ಡಿಡಕ್ಷನ್ ಸಿಗಲಿಲ್ಲ. 70½ ಆಗದವರಿಗೆ ಅದೂ ಒಂದು ದಾರಿ.

ಖಾತೆಯಿಂದ ತೆಗೆದದ್ದನ್ನು ತೋರಿಸುವ 1099-ಆರ್ ಫಾರ್ಮು ನೋಡಿ ತೆರಿಗೆ ತಯಾರಕರು ಪೂರ್ತಿ 26,000ವನ್ನೂ ಆದಾಯಕ್ಕೇ ಹಾಕಿದ್ದರು. ಎರಡೂ ರಸೀದಿ ಮುಂದಿಟ್ಟು, ಕೂತು ತಿದ್ದಿಸಿದೆ. ಆದಾಯ ಇಳಿದದ್ದು ಮೆಡಿಕೇರ್ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಪ್ರೀಮಿಯಂ ಲೆಕ್ಕಕ್ಕೂ ಒಳ್ಳೆಯದೇ.

ನನ್ನವಳಿಗೆ ಅಕ್ಟೋಬರಿನಲ್ಲಿ 70½ ಆಗುತ್ತದೆ. ಅವಳ ಐಆರ್‌ಎಗೆ ಅವಳದೇ ವಾರ್ಷಿಕ ಕ್ಯೂಸಿಡಿ ಮಿತಿ. 2025ರಲ್ಲಿ ತಲೆಗೆ 1,08,000 ಇತ್ತು, ನಮಗೆ ಅದರ ಹತ್ತಿರವೂ ಬೇಡ. ಒಂದು ದಿನ ಮೊದಲು ಕಳಿಸಿದರೂ ಲೆಕ್ಕಕ್ಕಿಲ್ಲ, ಅದಕ್ಕೆ ಫಾರ್ಮು ತುಂಬಿ, ತಾರೀಖಿನ ಜಾಗ ಮಾತ್ರ ಖಾಲಿ ಬಿಟ್ಟು ದೇವರ ಮನೆಯಲ್ಲಿ ಇಟ್ಟಿದ್ದಾಳೆ.