ವಿಭೂತಿ ಬುಧವಾರಕ್ಕೆ ಬೂದಿ ಸಿದ್ಧಪಡಿಸುವ ಬಗೆ

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಆರಂಭವಾಗುವ ವಿಭೂತಿ ಬುಧವಾರ ಕಥೋಲಿಕ ಕ್ರೈಸ್ತರು ಹಣೆಗೆ ಬೂದಿ ಹಚ್ಚಿಸಿಕೊಳ್ಳುತ್ತಾರೆ. ಹಿಂದಿನ ವರ್ಷದ ಗರಿಗಳ ಭಾನುವಾರ (ಈಸ್ಟರ್‌ಗೆ ಹಿಂದಿನ ಭಾನುವಾರ) ಆಶೀರ್ವದಿಸಿದ ಗರಿಗಳೇ ಈ ಬೂದಿಗೆ ಮೂಲ. ಅವನ್ನು ತಂದುಕೊಡುವಂತೆ ಎರಡು ವಾರ ಮೊದಲೇ ಪೂಜೆಯಲ್ಲಿ ಪ್ರಕಟಿಸಿ. ತೆಂಗಿನ ಗರಿಯಾದರೆ ದಪ್ಪ ಕಡ್ಡಿ ತೆಗೆದುಹಾಕಿ, ಗೇಣುದ್ದಕ್ಕೆ ಕತ್ತರಿಸಿ, ಬಿಸಿಲಲ್ಲಿ ಗರಿಗರಿಯಾಗುವಂತೆ ಒಣಗಿಸಿ. ಹಸಿ ಉಳಿದರೆ ಹೊಗೆ ಹೆಚ್ಚು, ಬೂದಿ ಕಡಿಮೆ. ಶಿಲುಬೆಯಾಕಾರಕ್ಕೆ ಹೆಣೆದ ಗರಿಗಳಲ್ಲಿ ಗುಂಡುಸೂಜಿ, ಪ್ಲಾಸ್ಟಿಕ್ ದಾರ ಇರುತ್ತವೆ, ಬಿಡಿಸಿ ನೋಡಲೇಬೇಕು.

ಬಯಲಲ್ಲಿ, ಕಬ್ಬಿಣದ ಬಾಣಲೆಯಲ್ಲಿ ಸ್ವಲ್ಪಸ್ವಲ್ಪವೇ ಸುಡಿ. ಸೀಮೆಎಣ್ಣೆ ಬೇಡ, ವಾಸನೆ ಹೋಗದು. ಕಪ್ಪಗೆ ಕರಕಾದಾಗ ಮುಚ್ಚಳ ಮುಚ್ಚಿ. ಪೂರ್ತಿ ಬೆಳ್ಳಗಾದರೆ ಹಣೆಯ ಮೇಲೆ ಗುರುತು ಕಾಣದು. ತಣ್ಣಗಾದ ಮೇಲೆ ಕುಟ್ಟಿ, ತೆಳುಬಟ್ಟೆಯಲ್ಲಿ ಎರಡು ಸಲ ಸೋಸಿ.

ಬೂದಿಗೆ ನೀರು ಕಲಸಿ ಮುದ್ದೆ ಮಾಡಬೇಡಿ. ಗಿಡದ ಬೂದಿಯಲ್ಲಿ ಪೊಟ್ಯಾಶಿಯಂ ಕಾರ್ಬೊನೇಟ್ ಇರುವುದರಿಂದ ಒದ್ದೆಯಾದಾಗ ಕ್ಷಾರ ಬಿಟ್ಟು ಚರ್ಮ ಸುಡಬಹುದು, ಮಕ್ಕಳ ಹಣೆಯಲ್ಲಂತೂ ಬೊಬ್ಬೆ ಏಳಬಹುದು. ಅಂಟಬೇಕೆಂದರೆ ಕೆಲವೇ ಹನಿ ಆಲಿವ್ ಎಣ್ಣೆ ಸಾಕು. ಗುರುಗಳು ತೀರ್ಥ ಚಿಮುಕಿಸುವಾಗಲೂ ತೆಳುವಾಗಿರಲಿ.

ಬೂದಿ ದೀಕ್ಷಾಸ್ನಾನ, ಪರಮಪ್ರಸಾದಗಳಂತೆ ಸಂಸ್ಕಾರವಲ್ಲ, ಪಾಪನಿವೇದನೆ (ಗುರುಗಳ ಬಳಿ ಪಾಪ ಒಪ್ಪಿಕೊಳ್ಳುವುದು) ಮಾಡದವರೂ, ಮಕ್ಕಳೂ ಪಡೆಯಬಹುದು. ಆದರೆ ಅದು ಪಾಪನಿವೇದನೆಗೆ ಬದಲಿಯೂ ಅಲ್ಲ. ಆದ್ದರಿಂದ ಪಾಪನಿವೇದನೆಯ ವೇಳೆಯನ್ನು ಅಂದೇ ಪ್ರಕಟಿಸುವುದು ಒಳ್ಳೆಯದು. ಅಂದು ಉಪವಾಸ 18 ತುಂಬಿದವರಿಂದ 59 ತುಂಬುವವರೆಗೆ, ಮಾಂಸವರ್ಜನೆ 14 ತುಂಬಿದ ಎಲ್ಲರಿಗೂ, ರೋಗಿಗಳಿಗೆ ವಿನಾಯಿತಿ.

ಮಿಕ್ಕ ಬೂದಿಯನ್ನು ಕಸಕ್ಕೆ ಹಾಕದೆ, ಯಾರೂ ತುಳಿಯದ ಕಡೆ ಮಣ್ಣಿಗೆ ಸೇರಿಸಿ.